ಆಮದಿನ ತೊಗರಿ, ಕಲಬುರಗಿಯ ತೊಗರಿ: ಆಹಾರ ಭದ್ರತೆಯ ಒಂದು ಮರುಲೆಕ್ಕ

ಸತತ ಎರಡು ವರ್ಷ ಮುಂಗಾರು ಕೈಕೊಟ್ಟ ಮೇಲೆ, 2015ರ ಅಕ್ಟೋಬರಿನಲ್ಲಿ ತೊಗರಿ ಬೇಳೆಯ ಚಿಲ್ಲರೆ ಬೆಲೆ ಕಿಲೋಗೆ 200 ರೂಪಾಯಿ ಮುಟ್ಟಿತು. ಮರುವರ್ಷದ ಜುಲೈನಲ್ಲಿ ಭಾರತ ಮೊಜಾಂಬಿಕ್ ಜೊತೆ ಒಪ್ಪಂದ ಮಾಡಿಕೊಂಡಿತು. 2016–17ರಲ್ಲಿ 1 ಲಕ್ಷ ಟನ್ನಿನಿಂದ ಶುರುವಾಗಿ 2020–21ರ ಹೊತ್ತಿಗೆ ಖರೀದಿ 2 ಲಕ್ಷ ಟನ್ನಿಗೆ ಏರಬೇಕಿತ್ತು. 2021ರಲ್ಲಿ ಆ ಒಪ್ಪಂದ ಐದು ವರ್ಷಕ್ಕೆ ನವೀಕರಣಗೊಂಡಿತು. ಮಲಾವಿಯಿಂದ ವರ್ಷಕ್ಕೆ 50,000 ಟನ್, ಮ್ಯಾನ್ಮಾರಿನಿಂದ 1 ಲಕ್ಷ ಟನ್ ತೊಗರಿ ತರಿಸುವ ಒಪ್ಪಂದಗಳೂ ಆದವು. ದೆಹಲಿಯ ಲೆಕ್ಕದಲ್ಲಿ ಇದು ಆಹಾರ ಭದ್ರತೆ. ಆ ಲೆಕ್ಕ ಅರ್ಧ ಮಾತ್ರ ಸರಿ ಎಂಬುದು ಈ ಲೇಖನದ ವಾದ. ಆಮದು ಬೇಕೇ ಬೇಡವೇ ಎಂಬುದಕ್ಕಿಂತ, ಆಮದಿನ ಬಾಗಿಲು ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ ಎಂಬುದು ಬಿತ್ತುವ ಮೊದಲೇ ರೈತನಿಗೆ ತಿಳಿಯದಿರುವುದು ದೊಡ್ಡ ಅಭದ್ರತೆ.

ತೊಗರಿಯ ಕಣಜವೆನಿಸಿದ ಕಲಬುರಗಿಯ ಎರೆ ನೆಲದಲ್ಲಿ ಬಿತ್ತನೆ ಜೂನ್–ಜುಲೈನಲ್ಲಿ, ರಾಶಿ ಡಿಸೆಂಬರ್–ಜನವರಿಯಲ್ಲಿ. ಬೆಳೆ ಬಹುಪಾಲು ಮಳೆಯನ್ನೇ ನಂಬಿದ್ದು. ಜೂನ್‌ನಲ್ಲಿ ರೈತ ನೋಡುವುದು ಹಿಂದಿನ ವರ್ಷದ ಧಾರಣೆಯನ್ನು. ಅವನ ಮಾಲು ಕಲಬುರಗಿಯ ಮಾರುಕಟ್ಟೆ ನೆಹರು ಗಂಜ್‌ನ ಅಡತಿ ಅಂಗಡಿಗೆ ಬರುವಷ್ಟರಲ್ಲಿ ಆರೇಳು ತಿಂಗಳು ಕಳೆದಿರುತ್ತವೆ. 2016ರಲ್ಲಿ ಆದದ್ದು ಇದೇ. ಬೆಲೆಯ ಆಸೆ, ಸರ್ಕಾರದ ಉತ್ತೇಜನ, ಒಳ್ಳೆಯ ಮಳೆ ಮೂರೂ ಕೂಡಿ ದೇಶದ ತೊಗರಿ ಉತ್ಪಾದನೆ ಸುಮಾರು 48.7 ಲಕ್ಷ ಟನ್ನಿಗೆ ಏರಿತು. ಹಿಂದಿನ ವರ್ಷ ಅದು 26 ಲಕ್ಷ ಟನ್ನಿನ ಆಸುಪಾಸಿನಲ್ಲಿತ್ತು. ಆಮದು ಮಾತ್ರ ನಿಲ್ಲಲಿಲ್ಲ. 5,050 ರೂಪಾಯಿ ಬೆಂಬಲ ಬೆಲೆಯಿದ್ದ ಕ್ವಿಂಟಲ್ ತೊಗರಿ ಗಂಜ್‌ನಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಬಿಕರಿಯಾಯಿತು. ಖರೀದಿ ಕೇಂದ್ರಗಳಲ್ಲಿ ಗೋಣಿಚೀಲಕ್ಕೂ ಅಭಾವ. ಆಮದಿಗೆ 2 ಲಕ್ಷ ಟನ್ನಿನ ಮಿತಿ ಬಿದ್ದದ್ದು 2017ರ ಆಗಸ್ಟಿನಲ್ಲಿ, ಅಷ್ಟು ಹೊತ್ತಿಗೆ ಸಣ್ಣ ರೈತನ ಮನೆಯಲ್ಲಿ ಮಾರಲು ಕಾಳೇ ಉಳಿದಿರಲಿಲ್ಲ. ಆ ಮಿತಿಯ ಏಟು ತಿಂದವರು ಸಮುದ್ರದಾಚೆಯೂ ಇದ್ದರು. ಭಾರತದ ಮಾತು ನಂಬಿ ತೊಗರಿ ಬಿತ್ತಿದ್ದ ಮೊಜಾಂಬಿಕ್‌ನ ಸಣ್ಣ ಹಿಡುವಳಿದಾರರ ಬೆಲೆ ಅದೇ ವರ್ಷ ಕುಸಿಯಿತು. ಕಲಬುರಗಿಯ ರೈತನಿಗೂ ಮೊಜಾಂಬಿಕ್‌ನ ಜಾಂಬೇಜಿಯಾದ ರೈತನಿಗೂ ಹಿತಾಸಕ್ತಿಯ ಜಗಳವಿದೆ ಎಂಬ ಸಾಮಾನ್ಯ ತಿಳಿವಳಿಕೆ ಇಲ್ಲಿ ನಿಲ್ಲುವುದಿಲ್ಲ. ಇಬ್ಬರನ್ನೂ ಕೆಡಿಸಿದ್ದು ಒಂದೇ ಆಜ್ಞೆಯ ಅಕಾಲಿಕತೆ.

ಇನ್ನು ಪೂರೈಕೆಯ ಭದ್ರತೆ. ಮ್ಯಾನ್ಮಾರಿನಲ್ಲಿ 2021ರ ಫೆಬ್ರುವರಿ 1ರಂದು ಸೇನೆ ಅಧಿಕಾರ ಹಿಡಿಯಿತು. ಅಲ್ಲಿಂದಾಚೆಗೆ ಸಶಸ್ತ್ರ ಪ್ರತಿರೋಧ ತೀವ್ರವಾಗಿರುವ ಸಗೈಂಗ್, ಮ್ಯಾಗ್ವೆ ಪ್ರಾಂತಗಳೇ ಆ ದೇಶದ ತೊಗರಿ ಸೀಮೆ. ಮೊಜಾಂಬಿಕ್‌ನ ಉತ್ತರ ತುದಿಯ ಕಾಬೋ ಡೆಲ್ಗಾಡೋದಲ್ಲಿ 2017ರ ಅಕ್ಟೋಬರಿನಿಂದ ಬಂಡಾಯ ನಡೆದಿದೆ. ತೊಗರಿ ಹಡಗೇರುವ ನಕಾಲಾ ಬಂದರು ಪಕ್ಕದ ಪ್ರಾಂತದ್ದು. 2023ರ ಕೊನೆಯಲ್ಲಿ ಅದೇ ಬಂದರಿನಲ್ಲಿ ಸರಕು ತಡೆದು ನಿಲ್ಲಿಸಿದ್ದು ಬಂದೂಕಲ್ಲ, ರಫ್ತುದಾರರ ನಡುವಿನ ವ್ಯಾಜ್ಯ. ಭಾರತದಲ್ಲಿ ಬೆಲೆ ಏರುತ್ತಿದ್ದ ದಿನಗಳವು. ಟನ್ನುಗಳನ್ನು ಒಪ್ಪಂದಕ್ಕೆ ಸೇರಿಸಿದ ಮಾತ್ರಕ್ಕೆ ಅವು ಉಗ್ರಾಣ ಸೇರುವುದಿಲ್ಲ.

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಬೇಳೆ ಬಡವರ ಪ್ರೋಟೀನು. ಕಲಬುರಗಿಯನ್ನೇ ನಂಬಿ ಕೂತರೆ ಅವರ ತಟ್ಟೆಗೆ ಗ್ಯಾರಂಟಿ ಏನು? 2022ರ ಹಂಗಾಮಿನಲ್ಲಿ ಅತಿವೃಷ್ಟಿಯ ಬೆನ್ನಿಗೇ ನೆಟೆ ರೋಗ ಬಂದು ಈ ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿತು. ಅಂಥ ವರ್ಷ ಆಮದು ಬೇಕೇ ಬೇಕು, ಇದನ್ನು ಅಲ್ಲಗಳೆಯುವಂತಿಲ್ಲ. ಹಂಗಾಮು ಮುಗಿದ ಮೇಲೂ ಯಂತ್ರ ತಿರುಗಬೇಕೆಂದರೆ ಹೊರಗಿನ ಕಾಳು ಬೇಕು ಎಂಬ ದಾಲ್ ಮಿಲ್ಲಿನವರ ವಾದದಲ್ಲೂ ಹುರುಳಿದೆ. ಆದರೆ 2021ರ ಮೇ ತಿಂಗಳಲ್ಲಿ ಮುಕ್ತಗೊಂಡ ಆಮದು ಕೊರತೆಯ ವರ್ಷಕ್ಕಷ್ಟೇ ಸೀಮಿತವಾಗಲಿಲ್ಲ. ಸುಂಕರಹಿತ ಅವಧಿಯನ್ನು 2026ರ ಮಾರ್ಚ್‌ವರೆಗೆ ವಿಸ್ತರಿಸಿದ್ದು 2025ರ ಜನವರಿಯಲ್ಲಿ, ಅಂದರೆ ಇಲ್ಲಿ ರಾಶಿ ನಡೆದಿದ್ದಾಗ. ಧಾರಣೆ 7,550 ರೂಪಾಯಿ ಬೆಂಬಲ ಬೆಲೆಯತ್ತ ಇಳಿಯಿತು; ರಾಜ್ಯ ಸರ್ಕಾರ ತನ್ನ ಕಡೆಯಿಂದ 450 ರೂಪಾಯಿ ಸೇರಿಸಬೇಕಾಯಿತು. ವಿದೇಶ ವ್ಯಾಪಾರದ ತೀರ್ಮಾನ ಕೇಂದ್ರದ್ದು, ಅದರ ಪರಿಹಾರದ ಖರ್ಚು ಬೆಂಗಳೂರಿನದ್ದು.

ಹಾಗಾದರೆ ಬೆಳೆ ಬದಲಿಸಲಿ ಎನ್ನುವವರು ಹುಮನಾಬಾದ್ ರಸ್ತೆಯ ಕಮಲಾಪುರವನ್ನು ತೋರಿಸುತ್ತಾರೆ. ಅಲ್ಲಿನ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ, ಬೆಲೆಯೂ ಇದೆ. ಆದರೆ ಬಾಳೆ ನೀರಿದ್ದವರ ಬೆಳೆ. ಒಣಬೇಸಾಯದವನಿಗೆ ಅದು ಪರ್ಯಾಯವಲ್ಲ. ಮಾನ್ಯತೆ ಮಾತ್ರದಿಂದ ಬೆಲೆ ನಿಲ್ಲುವುದಾಗಿದ್ದರೆ 2019ರಲ್ಲಿ ಅದೇ ಗೌರವ ಪಡೆದ ಗುಲ್ಬರ್ಗಾ ತೊಗರಿ ಬೇಳೆಗೂ ನಿಲ್ಲಬೇಕಿತ್ತು. ವಿಶ್ವ ವ್ಯಾಪಾರ ಸಂಸ್ಥೆಯ ಬೌದ್ಧಿಕ ಸ್ವತ್ತಿನ ಒಪ್ಪಂದ ಹೆಸರನ್ನು ಕಾಯುತ್ತದೆ. ಅದೇ ಸಂಸ್ಥೆಯ ಕೃಷಿ ಒಪ್ಪಂದ ಬೆಲೆಯನ್ನು ಕಾಯುವ ಕೈ ಹಿಡಿದೆಳೆಯುತ್ತದೆ. ಭಾರತ ಬೇಳೆಕಾಳುಗಳಿಗೆ ಕೊಡುವ ಬೆಂಬಲ ಶೇ 10ರ ಮಿತಿ ಮೀರಿದೆ ಎಂದು ಅಮೆರಿಕ ಮತ್ತು ಕೆನಡಾ 2019ರಲ್ಲಿ ಆಪಾದಿಸಿದ್ದು 1986–88ರ ಬೆಲೆಯನ್ನು ಅಳತೆಗೋಲು ಮಾಡಿಕೊಂಡ ಲೆಕ್ಕದ ಮೇಲೆ. ತೊಗರಿ, ಉದ್ದು, ಮಸೂರವನ್ನು ನಾಲ್ಕು ವರ್ಷ ಪೂರ್ಣವಾಗಿ ಖರೀದಿಸುವುದಾಗಿ 2025ರಲ್ಲಿ ಘೋಷಿಸಿರುವ ಆತ್ಮನಿರ್ಭರತೆಯ ಅಭಿಯಾನವೂ ಈ ಲೆಕ್ಕವನ್ನು ಎದುರಿಸಬೇಕಾದೀತು.

ಆದ್ದರಿಂದ ಸುಂಕದ ಕಾಲಪಟ್ಟಿಯೇ ಹೆಚ್ಚು ಕೆಲಸಕ್ಕೆ ಬರುವ ಸಾಧನ. ಬೆಲೆ ಇಳಿದಂತೆ ತಾನಾಗಿ ಏರುವ ಸುಂಕವನ್ನು ಕೃಷಿ ಒಪ್ಪಂದದ 4.2ನೇ ವಿಧಿ ನಿಷೇಧಿಸುತ್ತದೆ, ಹಾಗಾಗಿ ಆ ದಾರಿ ಮುಚ್ಚಿದೆ. ಆದರೆ ಭಾರತ ತಾನು ಒಪ್ಪಿಕೊಂಡ ಗರಿಷ್ಠ ಮಿತಿಯೊಳಗೆ ಋತುಮಾನದ ಸುಂಕ ಹಾಕಲು ಅಡ್ಡಿಯಿಲ್ಲ. 2018ರಲ್ಲಿ ಕಡಲೆಯ ಮೇಲೆ ಭಾರತ ಶೇ 60 ಸುಂಕ ಹೇರಿದ್ದುಂಟು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಏರಿದ ದರ, ಆಫ್ರಿಕಾದ ಹೊಸ ಮಾಲು ಹಡಗೇರುವ ಸೆಪ್ಟೆಂಬರಿನ ಸುಮಾರಿಗೆ ಇಳಿದ ದರ, ಎರಡೂ ಮೇ ತಿಂಗಳಲ್ಲೇ ಪ್ರಕಟವಾಗಲಿ. ಮ್ಯಾನ್ಮಾರಿನ ಕೊಯ್ಲು ನಮ್ಮದರ ಜೊತೆಗೇ ಬೀಳುವುದರಿಂದ ಅಲ್ಲಿನ ವರ್ತಕರು ಒಪ್ಪಲಾರರು, ಮಿಲ್ಲಿನವರೂ ಮೊದಲು ಗೊಣಗಿಯಾರು. ಆದರೆ ಮಿಲ್ಲಿಗೆ ಆ ನಾಲ್ಕು ತಿಂಗಳು ಗಂಜ್‌ನಲ್ಲೇ ಕಾಳು ಸಿಗುತ್ತದೆ.