ಮಾರಾಟಕ್ಕಿರುವ ಮನೆಯ ಚಿತ್ರ: ಅಸ್ತವ್ಯಸ್ತತೆ ಮರೆಮಾಡುವುದೇನು, ಬಯಲು ಮಾಡುವುದೇನು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯ ಜೊತೆಗೆ ನಗರವಾಸಿಗಳು ಈಗ ‘ಮನೆ ಮಾರಿ ನೋಡು’ ಎಂಬ ಮಾತನ್ನೂ ಸೇರಿಸಿಕೊಳ್ಳಬಹುದು. ವಾಸವಿದ್ದವರಿಗೆ ಮನೆಯೆಂದರೆ ಹಲವು ವರ್ಷಗಳ ಬದುಕು. ಕೊಳ್ಳಲು ಹೊರಟವರಿಗಾದರೋ ಅದು ಮೊದಲಿಗೆ ಮೊಬೈಲಿನ ಪರದೆಯ ಮೇಲೆ ಮೂಡುವ ಐದಾರು ಚಿತ್ರಗಳು ಮಾತ್ರ. ಮಡಿಸದ ಹೊದಿಕೆ, ಕುರ್ಚಿಯ ಮೇಲೆ ಒಗೆದ ಬಟ್ಟೆಯ ರಾಶಿ, ಅಡುಗೆಕಟ್ಟೆಯ ತುಂಬ ಪಾತ್ರೆ, ಬಾಗಿಲಲ್ಲಿ ಚೆಲ್ಲಾಪಿಲ್ಲಿಯಾದ ಚಪ್ಪಲಿ, ಬಚ್ಚಲಿನಲ್ಲಿ ಬಕೆಟ್ಟು, ಮಗ್ಗು, ಪೊರಕೆ. ಮರುಮಾರಾಟದ ಜಾಹೀರಾತುಗಳಲ್ಲಿ ಇಂಥ ಚಿತ್ರಗಳು ಅಪರೂಪವಲ್ಲ.

ಇದು ಕೇವಲ ಅಂದಚಂದದ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ. ಅಸ್ತವ್ಯಸ್ತವಾದ ಮನೆಯ ಚಿತ್ರ ಎರಡು ಕಡೆಯಿಂದ ನಷ್ಟ ಮಾಡುತ್ತದೆ. ಕೊಳ್ಳುವವರಿಗೆ ತಿಳಿಯಲೇಬೇಕಾದುದನ್ನು ಮರೆಮಾಡುತ್ತದೆ. ಅಪರಿಚಿತರಿಗೆ ತಿಳಿಯಬಾರದುದನ್ನು ಬಯಲು ಮಾಡುತ್ತದೆ.

ಸಾಲಿನ ಜಾಹೀರಾತಿನಿಂದ ಚಿತ್ರದವರೆಗೆ

ಪತ್ರಿಕೆಗಳ ವರ್ಗೀಕೃತ ಜಾಹೀರಾತಿನ ಕಾಲದಲ್ಲಿ ಮನೆಯ ಒಳಾಂಗಣ ಯಾರಿಗೂ ಕಾಣುತ್ತಿರಲಿಲ್ಲ. ಸಾಲಿಗಿಷ್ಟು ಎಂದು ಹಣ ತೆರಬೇಕಿದ್ದುದರಿಂದ ‘30x40, ಪೂರ್ವಾಭಿಮುಖ, ಕಾವೇರಿ ನೀರು, ಬೋರ್‌ವೆಲ್’ ಎಂಬಷ್ಟರಲ್ಲೇ ವಿವರ ಮುಗಿಯುತ್ತಿತ್ತು. ಮಿಕ್ಕದ್ದನ್ನು ನೋಡಲು ಬಾಗಿಲು ತಟ್ಟಲೇಬೇಕಿತ್ತು. ನೋಡಲು ಬರುವವರಿದ್ದಾರೆಂದು ಮೊದಲೇ ಗೊತ್ತಿರುತ್ತಿದ್ದುದರಿಂದ ಮನೆಯವರು ಗುಡಿಸಿ ಒರೆಸಿ ಒಪ್ಪವಾಗಿಡುತ್ತಿದ್ದರು.

ಅಂತರ್ಜಾಲ ಈ ಕ್ರಮವನ್ನು ತಲೆಕೆಳಗು ಮಾಡಿತು. ಸ್ವೀಡನ್ನಿನ ಹೆಮ್ನೆಟ್ 1998ರಲ್ಲಿ, ಬ್ರಿಟನ್ನಿನ ರೈಟ್‌ಮೂವ್ 2000ದಲ್ಲಿ ಆರಂಭವಾದವು. ಭಾರತದಲ್ಲಿ 99ಏಕರ್ಸ್ 2005ರಲ್ಲಿ, ಮ್ಯಾಜಿಕ್‌ಬ್ರಿಕ್ಸ್ 2006ರಲ್ಲಿ ಬಂದವು. ದಲ್ಲಾಳಿಯಿಲ್ಲದೆ ಮನೆಯೊಡೆಯರೇ ವ್ಯವಹರಿಸಬಹುದೆಂಬ ಭರವಸೆಯೊಂದಿಗೆ ಬೆಂಗಳೂರಿನಲ್ಲಿ ನೋಬ್ರೋಕರ್ 2014ರಲ್ಲಿ ಕಾಲಿಟ್ಟಿತು. ಅಷ್ಟರಲ್ಲಿ ಕ್ಯಾಮೆರಾ ಎಲ್ಲರ ಜೇಬಿಗೂ ಬಂದಿತ್ತು. ಅತಿಥಿ ಮನೆಗೆ ಬರುವ ಮೊದಲೇ ಮನೆಯ ಚಿತ್ರ ಅತಿಥಿಯ ಕೈ ಸೇರತೊಡಗಿತು. ಆದರೆ ಅತಿಥಿ ಬರುವನೆಂಬ ಎಚ್ಚರ ಮಾತ್ರ ಚಿತ್ರ ತೆಗೆಯುವ ಹೊತ್ತಿಗೆ ಇರುವುದಿಲ್ಲ.

ಕಣ್ಣು ಬಿಟ್ಟುಬಿಡುವುದನ್ನು ಕ್ಯಾಮೆರಾ ಬಿಡದು

ದಿನನಿತ್ಯ ವಾಸಿಸುವವರಿಗೆ ತಮ್ಮ ಮನೆಯ ಗಜಿಬಿಜಿ ಕಾಣುವುದಿಲ್ಲ. ಮನುಷ್ಯನ ಕಣ್ಣು ಬೇಕಾದುದರ ಮೇಲೆ ನೆಟ್ಟು ಮಿಕ್ಕಿದ್ದನ್ನು ಬಿಟ್ಟುಬಿಡುತ್ತದೆ. ಕ್ಯಾಮೆರಾಕ್ಕೆ ಆ ವಿವೇಚನೆಯಿಲ್ಲ. ಚೌಕಟ್ಟಿನೊಳಗೆ ಬಂದ ಕಿಟಕಿಗೂ ಕಸದ ಬುಟ್ಟಿಗೂ ಅದು ಒಂದೇ ಮಹತ್ವ ಕೊಡುತ್ತದೆ.

ಮಸೂರದ ಗುಣವೂ ಇದಕ್ಕೆ ಸೇರಿಕೊಳ್ಳುತ್ತದೆ. ಚಿಕ್ಕ ಕೋಣೆಯನ್ನು ಪೂರ್ತಿ ಹಿಡಿಯಲು ಜನರು ಮೊಬೈಲಿನ ಅತಿವಿಶಾಲ ಕೋನದ ಮಸೂರವನ್ನು ಬಳಸುತ್ತಾರೆ. ಇಂಥ ಮಸೂರದ ಸಮೀಪಕ್ಕೆ ನಿಂತು ತೆಗೆದ ಚಿತ್ರದಲ್ಲಿ ಹತ್ತಿರದ ವಸ್ತು ಇದ್ದುದಕ್ಕಿಂತ ದೊಡ್ಡದಾಗಿಯೂ ದೂರದ್ದು ಚಿಕ್ಕದಾಗಿಯೂ ತೋರುತ್ತದೆ. ಹೀಗಾಗಿ ಬಾಗಿಲ ಬಳಿಯ 20 ಲೀಟರಿನ ನೀರಿನ ಕ್ಯಾನು ಚಿತ್ರದಲ್ಲಿ ಮಂಚಕ್ಕೆ ಸರಿಸಮವಾಗಿ ನಿಲ್ಲುತ್ತದೆ. ಕೋಣೆಯನ್ನು ದೊಡ್ಡದಾಗಿ ತೋರಿಸಲು ಆರಿಸಿಕೊಂಡ ಮಸೂರವೇ ಎದುರಿಗಿದ್ದ ವಸ್ತುವನ್ನು ದೊಡ್ಡದು ಮಾಡಿರುತ್ತದೆ.

ಬೆಳಕಿನದು ಇನ್ನೊಂದು ತೊಡಕು. ಪರದೆ ಎಳೆದ ಕೋಣೆಯಲ್ಲಿ ಫ್ಲ್ಯಾಷ್ ಬಳಸಿದರೆ ಮುಂದಿರುವ ವಸ್ತುಗಳು ಬೆಳ್ಳಗೆ ಹೊಳೆದು ಹಿಂದಿನ ಮೂಲೆಗಳು ಕಪ್ಪಾಗುತ್ತವೆ. ಕಿಟಕಿಗೆ ಎದುರಾಗಿ ತೆಗೆದರೆ ಕೋಣೆಯೇ ಕತ್ತಲೆಯಾಗುತ್ತದೆ. ಗಾಳಿ ಬೆಳಕು ಧಾರಾಳವಾಗಿರುವ ಮನೆಯೂ ಗೋದಾಮಿನಂತೆ ಕಾಣಲು ಇಷ್ಟು ಸಾಕು.

ಮರೆಯಾಗುವ ಸಂಗತಿಗಳು

ಕೋಣೆಯ ಅಳತೆಯನ್ನು ನೋಡುಗರು ಅಂದಾಜು ಮಾಡುವುದು ಮುಖ್ಯವಾಗಿ ನೆಲದಿಂದ. ಗೋಡೆ ಮತ್ತು ನೆಲ ಕೂಡುವ ಅಂಚು, ಮೂಲೆಗಳು, ಟೈಲ್ಸಿನ ಸಾಲು ಇವು ಕಂಡರೆ ಉದ್ದಗಲ ಮನಸ್ಸಿಗೆ ಹೊಳೆಯುತ್ತದೆ. ಅವುಗಳ ಮೇಲೆ ಪೆಟ್ಟಿಗೆ, ಚೀಲ, ಬಟ್ಟೆ ಹರಡಿದರೆ 12 ಅಡಿಯ ಕೋಣೆಯೂ 9 ಅಡಿಯದೆಂದು ತೋರುತ್ತದೆ. ಅಟ್ಟದ ತುಂಬ ಸೂಟ್‌ಕೇಸು, ರಟ್ಟಿನ ಡಬ್ಬ ತುರುಕಿದ್ದರೆ ಸಾಮಾನಿಡಲು ಜಾಗ ಸಾಲದ ಮನೆಯೆಂಬ ಭಾವನೆ ಮೂಡುತ್ತದೆ. ಬಾಲ್ಕನಿಯಲ್ಲಿ ಅಡ್ಡ ಕಟ್ಟಿದ ಬಟ್ಟೆ ಹಗ್ಗ ಹೊರನೋಟವನ್ನು ನುಂಗಿಬಿಡುತ್ತದೆ.

ಹಳೆಯ ಬಡಾವಣೆಗಳ ಮನೆಗಳಲ್ಲಿ ನಷ್ಟ ಬೇರೆ ಬಗೆಯದು. ನುಣುಪಾಗಿ ಉಜ್ಜಿದ ಕೆಂಪು ಗಾರೆ ನೆಲ, ಮೊಸಾಯಿಕ್, ತೇಗದ ಬಾಗಿಲುವಾಡ ಇವನ್ನು ಬಯಸಿ ಹುಡುಕುವವರಿದ್ದಾರೆ. ಜಮಖಾನ, ಪತ್ರಿಕೆಯ ಕಟ್ಟು, ಮುರಿದ ಪೀಠೋಪಕರಣಗಳಡಿ ಅವು ಹೂತುಹೋದರೆ ಮನೆ ಕೇವಲ ನಿವೇಶನದ ಬೆಲೆಗೆ ಇಳಿಯುತ್ತದೆ. ಕೊಂಡವರು ಕೆಡವಿ ಹೊಸದು ಕಟ್ಟುವುದೇ ನಿಶ್ಚಿತವಾದ ಕಡೆ ಒಳಾಂಗಣದ ಚಿತ್ರಕ್ಕೆ ಹೆಚ್ಚು ಬೆಲೆಯಿಲ್ಲ. ಅಲ್ಲಿ ರಸ್ತೆಯ ಅಗಲ, ನಿವೇಶನದ ಮುಂಭಾಗ ಮತ್ತು ದಿಕ್ಕು ತೋರಿಸುವ ಚಿತ್ರ ಮುಖ್ಯ. ಅಪಾರ್ಟ್‌ಮೆಂಟುಗಳಲ್ಲಿ ಇದು ಪೂರ್ತಿ ತಿರುವುಮುರುವು. ಒಂದೇ ಕಟ್ಟಡದ ಹಲವು ಫ್ಲ್ಯಾಟುಗಳ ನಕ್ಷೆ, ಅಳತೆ ಎಲ್ಲವೂ ಒಂದೇ ಆಗಿರುವಾಗ ಖರೀದಿದಾರರ ಆಯ್ಕೆಯನ್ನು ನಿರ್ಧರಿಸುವುದು ನಿರ್ವಹಣೆ ಮತ್ತು ಓರಣ.

ಬಯಲಾಗುವ ಸಂಗತಿಗಳು

ಜಾಹೀರಾತಿನ ಚಿತ್ರವನ್ನು ಕೊಳ್ಳುವವರಷ್ಟೇ ನೋಡುವುದಿಲ್ಲ. ಅಸ್ತವ್ಯಸ್ತ ಮನೆಯ ಒಂದು ಚಿತ್ರದಲ್ಲಿ ಮೇಜಿನ ಮೇಲಿನ ವಿದ್ಯುತ್ ಬಿಲ್ಲು, ಹೆಸರು ಬರೆದ ಔಷಧದ ಚೀಟಿ, ಶಾಲೆಯ ಲಾಂಛನವಿರುವ ಮಕ್ಕಳ ಸಮವಸ್ತ್ರ, ಮೊಳೆಗೆ ನೇತುಹಾಕಿದ ಬೀಗದ ಕೈ ಗೊಂಚಲು ಇವೆಲ್ಲ ಇರಬಹುದು. ಚಿತ್ರವನ್ನು ಹಿಗ್ಗಿಸಿದರೆ ಅಕ್ಷರ ಓದಲು ಬರುತ್ತದೆ. ಬೀರು ಯಾವ ಕೋಣೆಯಲ್ಲಿದೆ, ಯಾವ ಕಿಟಕಿಗೆ ಸರಳುಗಳಿಲ್ಲ, ಮನೆಯಲ್ಲಿ ವೃದ್ಧರು ಒಬ್ಬರೇ ಇರುವರೇ ಎಂಬುದೂ ಊಹೆಗೆ ನಿಲುಕುತ್ತದೆ.

ಬೆಲೆಯ ಮಾತುಕತೆಗೂ ಇದು ಹೊಡೆತ. ಮನೆ ಮಾರುವ ಹಿಂದೆ ವರ್ಗಾವಣೆ, ಸಾಲ, ಅಣ್ಣತಮ್ಮಂದಿರ ಪಾಲು, ಹಿರಿಯರ ಮರಣ, ವಿದೇಶದಲ್ಲಿ ನೆಲೆಸಿದ ಮಕ್ಕಳ ಅನಿವಾರ್ಯತೆ ಹೀಗೆ ಯಾವುದಾದರೂ ಕಾರಣವಿರುತ್ತದೆ. ಅರ್ಧ ಕಟ್ಟಿದ ಗಂಟುಮೂಟೆ, ಆಸ್ಪತ್ರೆಯ ಮಂಚ, ತಿಂಗಳುಗಳ ಹಿಂದಿನ ಹಾಳೆಯಲ್ಲೇ ನಿಂತ ಕ್ಯಾಲೆಂಡರು ಆ ಕಾರಣವನ್ನು ಮಾತಿಲ್ಲದೆ ಹೇಳಿಬಿಡುತ್ತವೆ. ಮಾರುವವರಿಗೆ ಅವಸರವಿದೆಯೆಂದು ತಿಳಿದವರು ಕಡಿಮೆ ಬೆಲೆಯಿಂದಲೇ ಮಾತು ಆರಂಭಿಸುತ್ತಾರೆ.

ಬಾಡಿಗೆದಾರರ ಸಂಸಾರ

ಮಾರಾಟಕ್ಕಿಟ್ಟ ಮನೆಯಲ್ಲಿ ಬಾಡಿಗೆದಾರರಿದ್ದರೆ ಸಮಸ್ಯೆ ಇನ್ನೂ ಸೂಕ್ಷ್ಮ. ಮನೆ ಒಬ್ಬರದು, ಸಂಸಾರ ಇನ್ನೊಬ್ಬರದು. ಮಾಲೀಕರೋ ದಲ್ಲಾಳಿಯೋ ಹೇಳದೆ ಕೇಳದೆ ಬಂದು ಐದು ನಿಮಿಷದಲ್ಲಿ ಚಿತ್ರ ತೆಗೆದುಕೊಂಡು ಹೋದರೆ, ಆ ಹೊತ್ತಿನಲ್ಲಿ ಮನೆ ಹೇಗಿತ್ತೋ ಹಾಗೆಯೇ ಲೋಕಕ್ಕೆಲ್ಲ ಕಾಣುತ್ತದೆ. ಮನೆ ಮಾರಾಟವಾದರೆ ಬಿಟ್ಟು ಹೋಗಬೇಕಾದ ಆತಂಕದಲ್ಲಿರುವ ಕುಟುಂಬಕ್ಕೆ ತಮ್ಮ ಹಾಸಿಗೆ, ಬಟ್ಟೆಬರೆಗಳ ಪ್ರದರ್ಶನ ಇನ್ನೊಂದು ಅವಮಾನ.

ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ನೀಡಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್.ಪುಟ್ಟಸ್ವಾಮಿ. ತೀರ್ಪು ಮುಖ್ಯವಾಗಿ ಸರ್ಕಾರ ಮತ್ತು ಪ್ರಜೆಯ ನಡುವಿನ ಸಂಬಂಧವನ್ನು ಕುರಿತದ್ದು. ಬಾಡಿಗೆ ಮನೆಯ ಚಿತ್ರಕ್ಕೆ ನೇರ ನಿಯಮವನ್ನು ಅದು ಹೇಳುವುದಿಲ್ಲ. ಆದರೂ ಮನೆಯೊಳಗಿನ ಬದುಕು ಪರರ ನೋಟಕ್ಕೆ ಹೊರತು ಎಂಬ ತತ್ವ ಅದರಿಂದ ಗಟ್ಟಿಯಾಯಿತು. ಎರಡು ಮೂರು ದಿನ ಮೊದಲೇ ತಿಳಿಸುವುದು, ಬಾಡಿಗೆದಾರರಿಗೆ ಅನುಕೂಲವಾದ ಸಮಯ ಕೇಳುವುದು, ತೆಗೆದ ಚಿತ್ರಗಳನ್ನು ಪ್ರಕಟಿಸುವ ಮೊದಲು ಅವರಿಗೆ ತೋರಿಸುವುದು ಮಾಲೀಕರ ಕರ್ತವ್ಯ. ಬಾಡಿಗೆದಾರರು ಬರುವುದಕ್ಕೆ ಮೊದಲೇ, ಮನೆ ಖಾಲಿಯಿದ್ದಾಗ ತೆಗೆದಿಟ್ಟ ಚಿತ್ರಗಳಿದ್ದರೆ ಈ ಗೊಡವೆಯೇ ಇಲ್ಲ.

ಬೆಲೆಯ ಮೇಲೆ ಪರಿಣಾಮವೆಷ್ಟು?

ಮಾರಾಟಕ್ಕೆಂದೇ ಮನೆಯನ್ನು ಅಣಿಗೊಳಿಸುವುದನ್ನು ಅಮೆರಿಕದಲ್ಲಿ ‘ಹೋಮ್ ಸ್ಟೇಜಿಂಗ್’ ಎನ್ನುತ್ತಾರೆ. ಅಲ್ಲಿ ಇದೊಂದು ವೃತ್ತಿಯೇ ಆಗಿದೆ. ಅಲ್ಲಿನ ರಿಯಲ್ಟರುಗಳ ರಾಷ್ಟ್ರೀಯ ಸಂಘವು 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಅಣಿಗೊಳಿಸಿದ ಮನೆಯನ್ನು ತಮ್ಮದೆಂದು ಕಲ್ಪಿಸಿಕೊಳ್ಳುವುದು ಖರೀದಿದಾರರಿಗೆ ಸುಲಭವೆಂದು ಅವರ ಪರವಾದ ಏಜೆಂಟರಲ್ಲಿ ಶೇ. 81ರಷ್ಟು ಮಂದಿ ಹೇಳಿದ್ದರು. ಇದು ಏಜೆಂಟರ ಅಭಿಪ್ರಾಯ ಎಂಬುದನ್ನು ಮರೆಯಬಾರದು. ಅದೇ ದೇಶದಲ್ಲಿ 2015ರಲ್ಲಿ ಪ್ರಕಟವಾದ ಒಂದು ಪ್ರಯೋಗಾತ್ಮಕ ಅಧ್ಯಯನವು, ಗೋಡೆಯ ಬಣ್ಣ ಮತ್ತು ಪೀಠೋಪಕರಣಗಳು ಮನೆಯ ಬಗೆಗಿನ ಅಭಿಪ್ರಾಯವನ್ನು ಬದಲಿಸಿದರೂ ಕೊಳ್ಳುವವರು ಕೊಡಲೊಪ್ಪುವ ಬೆಲೆಯನ್ನು ಅಷ್ಟಾಗಿ ಬದಲಿಸಲಿಲ್ಲ ಎಂದು ಕಂಡುಕೊಂಡಿತು.

ಓರಣದಿಂದ ಮನೆಯ ಬೆಲೆ ಲಕ್ಷಗಟ್ಟಲೆ ಏರುವುದೆಂದು ನಂಬಬೇಕಿಲ್ಲ. ಅದರ ನಿಜವಾದ ಲಾಭ ಬೇರೆಡೆಯಿದೆ. ನೂರಾರು ಮನೆಗಳ ಪಟ್ಟಿಯಲ್ಲಿ ಬೆರಳಾಡಿಸುವವರು ನೋಡಲು ಬರುವುದೋ ಬೇಡವೋ ಎಂದು ನಿರ್ಧರಿಸುವುದು ಚಿತ್ರದಿಂದ. ನೋಡಲು ಬರುವವರು ಹೆಚ್ಚಿದಷ್ಟೂ ಮಾರುವವರು ಮೊದಲು ಸಿಕ್ಕ ಬೆಲೆಗೆ ಒಪ್ಪಿಕೊಳ್ಳಬೇಕಾದ ಒತ್ತಡ ಕಡಿಮೆಯಾಗುತ್ತದೆ.

ಓರಣಕ್ಕೂ ವಂಚನೆಗೂ ಇರುವ ಗಡಿ

ಬಟ್ಟೆ ಮಡಿಸಿಡುವುದು ಓರಣ. ನೀರು ಜಿನುಗಿ ಬಣ್ಣ ಉಬ್ಬಿದ ಗೋಡೆಗೆ ಬೀರು ಅಡ್ಡವಿಟ್ಟು ಚಿತ್ರ ತೆಗೆಯುವುದು ಬೇರೆ ಮಾತು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೇ ಸೆಕ್ಷನ್ನಿನ ಪ್ರಕಾರ, ತನಗೆ ಗೊತ್ತಿದ್ದು, ಕೊಳ್ಳುವವರಿಗೆ ತಿಳಿಯದೆ, ಸಾಮಾನ್ಯ ಎಚ್ಚರಿಕೆಯಿಂದಲೂ ಕಂಡುಹಿಡಿಯಲಾಗದ ಮುಖ್ಯ ದೋಷವನ್ನು ಮಾರುವವರು ತಿಳಿಸಲೇಬೇಕು. ಇದಕ್ಕೆ ವ್ಯತಿರಿಕ್ತವಾದ ಕರಾರು ಇಲ್ಲದಿದ್ದರೆ ಈ ಹೊಣೆ ತಪ್ಪಿದ್ದಲ್ಲ. 2016ರ ರೇರಾ ಕಾಯಿದೆಯ 12ನೇ ಸೆಕ್ಷನ್, ಜಾಹೀರಾತಿನ ಸುಳ್ಳು ವಿವರವನ್ನು ನಂಬಿ ಮುಂಗಡ ಕೊಟ್ಟು ನಷ್ಟಕ್ಕೊಳಗಾದವರಿಗೆ ಯೋಜನೆಯ ಪ್ರವರ್ತಕರು ಪರಿಹಾರ ನೀಡಬೇಕೆನ್ನುತ್ತದೆ. ಆದರೆ ವಾಸದ ಮನೆಯನ್ನು ಮರುಮಾರಾಟ ಮಾಡುವ ವ್ಯಕ್ತಿ ಈ ಅರ್ಥದಲ್ಲಿ ಪ್ರವರ್ತಕರಲ್ಲ.

ಕೃತಕ ಬುದ್ಧಿಮತ್ತೆಯ ಸಾಧನಗಳು ಬಂದ ಮೇಲೆ ಕಸವನ್ನು ಕೋಣೆಯಿಂದ ತೆಗೆಯದೆ ಚಿತ್ರದಿಂದ ಅಳಿಸುವುದು ಸುಲಭವಾಗಿದೆ. ಕಸದ ಜೊತೆಗೆ ಗೋಡೆಯ ಬಿರುಕೂ ಅಳಿದುಹೋಗಬಹುದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 2025ರಲ್ಲಿ ಈ ಕುರಿತು ಕಾನೂನು ಮಾಡಿತು. 2026ರ ಜನವರಿ 1ರಿಂದ ಜಾರಿಗೆ ಬಂದ ಆ ಕಾನೂನಿನಂತೆ, ಡಿಜಿಟಲ್ ಆಗಿ ಬದಲಿಸಿದ ಚಿತ್ರವನ್ನು ಜಾಹೀರಾತಿನಲ್ಲಿ ಬಳಸುವ ಏಜೆಂಟರು ಅದನ್ನು ಪ್ರಕಟವಾಗಿ ಹೇಳಿ, ಮೂಲ ಚಿತ್ರವನ್ನೂ ನೋಡಲು ದೊರಕಿಸಬೇಕು. ಬೆಳಕು, ಬಣ್ಣಗಳ ಸಾಮಾನ್ಯ ತಿದ್ದುಪಡಿಗೆ ಇದು ಅನ್ವಯಿಸದು.

ಒಂದು ದಿನದ ಕೆಲಸ

ಯುಗಾದಿಗೋ ದೀಪಾವಳಿಗೋ ಮನೆ ಒಪ್ಪ ಮಾಡುವಷ್ಟು ಶ್ರಮ ಇದಕ್ಕೆ ಸಾಕು. ಒಳಾಂಗಣ ವಿನ್ಯಾಸಕಾರರ ಅಗತ್ಯವಿಲ್ಲ.

* ಮೊದಲು ನೆಲವನ್ನು ತೆರವು ಮಾಡಬೇಕು. ಪ್ರತಿ ಕೋಣೆಯಲ್ಲಿ ಕನಿಷ್ಠ ಎರಡು ಮೂಲೆಗಳು ಪೂರ್ತಿ ಕಾಣುವಂತಿರಬೇಕು.
* ಅಡುಗೆಕಟ್ಟೆಯ ಮೇಲೆ ಒಲೆಯ ಹೊರತು ಒಂದೆರಡು ವಸ್ತು ಸಾಕು. ಹೆಚ್ಚುವರಿ ಸಿಲಿಂಡರ್, ಎಣ್ಣೆ ಡಬ್ಬ, ಚಿಂದಿ ಬಟ್ಟೆಗಳನ್ನು ಪಕ್ಕಕ್ಕಿಡಬೇಕು.
* ಬಚ್ಚಲಿನ ನಲ್ಲಿ, ಟೈಲ್ಸುಗಳ ಮೇಲೆ ಗಡುಸು ನೀರು ಬಿಟ್ಟ ಬಿಳಿ ಕಲೆಗಳನ್ನು ಉಜ್ಜಿ ತೆಗೆಯಬೇಕು.
* ಕುಟುಂಬದ ಭಾವಚಿತ್ರ, ಬಿಲ್ಲು, ಔಷಧ, ಬೀಗದ ಕೈ, ಪದಕ–ಪ್ರಶಸ್ತಿಗಳನ್ನು ಚಿತ್ರ ಮುಗಿಯುವವರೆಗೆ ತೆಗೆದಿಡಬೇಕು.
* ಹಗಲಿನಲ್ಲಿ ಪರದೆ ಸರಿಸಿ, ಫ್ಲ್ಯಾಷ್ ಆರಿಸಿ, ಕಿಟಕಿಯ ಪಕ್ಕದಿಂದ ಒಳಮುಖವಾಗಿ ತೆಗೆಯಬೇಕು. ಮೊಬೈಲನ್ನು ಎದೆಯ ಮಟ್ಟದಲ್ಲಿ ನೇರವಾಗಿ ಹಿಡಿದರೆ ಗೋಡೆಗಳು ವಾಲಿದಂತೆ ಕಾಣುವುದಿಲ್ಲ.
* ಮನೆಯನ್ನು ತೀರಾ ಬರಿದು ಮಾಡುವುದೂ ಬೇಡ. ಮಂಚವೋ ಮೇಜೋ ಒಂದಿದ್ದರೆ ಕೋಣೆಯ ಅಳತೆ ತಿಳಿಯುತ್ತದೆ.

ಕೊಳ್ಳುವವರು ಗಮನಿಸಬೇಕಾದುದು

ಗಜಿಬಿಜಿಯ ಚಿತ್ರ ಕಂಡ ಕೂಡಲೇ ಮನೆಯನ್ನು ಕೈಬಿಡುವುದು ಜಾಣತನವಲ್ಲ. ಸಾಮಾನು ಮಾರಿದವರ ಜೊತೆಯಲ್ಲೇ ಹೋಗುತ್ತದೆ. ಕಿಟಕಿಯ ದಿಕ್ಕು, ಗೋಡೆಯ ತೇವ, ನೀರಿನ ಸೌಕರ್ಯ, ಪಕ್ಕದ ಕಟ್ಟಡ ಎಷ್ಟು ಹತ್ತಿರವಿದೆ ಎಂಬುದು ಕೊಂಡವರ ಪಾಲಿಗೆ ಉಳಿಯುತ್ತದೆ. ಚಿತ್ರದಲ್ಲಿ ಹುಡುಕಬೇಕಾದುದು ಈ ಎರಡನೆಯ ಪಟ್ಟಿಯನ್ನು. ಅತಿ ಅಚ್ಚುಕಟ್ಟಾದ ಚಿತ್ರದಲ್ಲೂ ಒಂದು ಕೋಣೆ ಅಥವಾ ಒಂದು ಗೋಡೆ ಎಲ್ಲಿಯೂ ಕಾಣಿಸದಿದ್ದರೆ ಅದನ್ನೇ ಮೊದಲು ಕೇಳಬೇಕು. ಸಾಧ್ಯವಾದರೆ ಒಮ್ಮೆ ಹಗಲಿನಲ್ಲಿ, ಇನ್ನೊಮ್ಮೆ ಮಳೆ ಬಂದ ಮರುದಿನ ಮನೆಗೆ ಹೋಗಿ, ಗೋಡೆಗೆ ತಾಗಿಸಿಟ್ಟ ಬೀರುಗಳ ಹಿಂಬದಿಯನ್ನೂ ತೋರಿಸಲು ಕೇಳುವುದು ಒಳಿತು.