ಐದು ಮಹಾ ಅಳಿವು ದಾಟಿದ ರಾಮನಗರದ ಬಂಡೆ, ಒಂದು ನೋವಿನ ಔಷಧಿಗೆ ಸೋತ ರಣಹದ್ದು

ರಾಮನಗರದ ಬಂಡೆ ಅಂದ ಕೂಡಲೇ ಬಹಳ ಜನರಿಗೆ ನೆನಪಾಗೋದು ‘ಶೋಲೆ’ ಸಿನಿಮಾ. ಆದರೆ ಈ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ಊರಿನ ಹಳೆಯ ಹೆಸರಿನಿಂದಲೇ ಇದನ್ನು ‘ಕ್ಲೋಸ್‌ಪೇಟೆ ಗ್ರಾನೈಟ್’ ಎನ್ನುತ್ತಾರೆ. ಮಾಗಡಿಯ ಸಾವನದುರ್ಗವೂ ಇದೇ ಕಲ್ಲಿನ ಸಾಲಿನದು. ಪ್ರಾಣಿಗಳು ಹುಟ್ಟುವ ಮೊದಲೇ ಇದ್ದ ಈ ಬಂಡೆ ಐದು ಮಹಾ ಅಳಿವುಗಳನ್ನು ದಾಟಿ ನಿಂತಿದೆ.

ಮಹಾ ಅಳಿವು ಅಂದರೇನು?

ಭೂಮಿಯ ಲೆಕ್ಕದಲ್ಲಿ ಅಲ್ಪ ಅವಧಿಯೊಳಗೆ ಜೀವಪ್ರಭೇದಗಳಲ್ಲಿ ಸುಮಾರು ಮುಕ್ಕಾಲು ಪಾಲು ಇಲ್ಲವಾಗುವುದೇ ಮಹಾ ಅಳಿವು. ಇಂಥವು ಸುಮಾರು 44.5 ಕೋಟಿ, 37.2 ಕೋಟಿ, 25.2 ಕೋಟಿ, 20.1 ಕೋಟಿ ಮತ್ತು 6.6 ಕೋಟಿ ವರ್ಷಗಳ ಹಿಂದೆ ನಡೆದವು.

ಕಾರಣಗಳೇನು?

ಮೊದಲನೆಯದಕ್ಕೆ ಹಿಮಯುಗ ಮತ್ತು ಸಮುದ್ರಮಟ್ಟದ ಕುಸಿತವನ್ನು ಮುಖ್ಯ ಕಾರಣವೆನ್ನುತ್ತಾರೆ. ಎರಡನೆಯದರಲ್ಲಿ ಸಮುದ್ರದ ಆಮ್ಲಜನಕ ಕುಸಿದಿತ್ತು. ಅತಿ ಭೀಕರವಾದದ್ದು ಮೂರನೆಯದು. ಸೈಬೀರಿಯಾದ ಲಾವಾ ಪ್ರವಾಹದಿಂದ ಇಂಗಾಲದ ಡೈಆಕ್ಸೈಡ್ ಏರಿ, ಭೂಮಿ ಬಿಸಿಯಾಗಿ, ಸಮುದ್ರ ಉಸಿರುಗಟ್ಟಿತು. ನಾಲ್ಕನೆಯದಕ್ಕೂ ಜ್ವಾಲಾಮುಖಿಯೇ ಪ್ರಮುಖ ಕಾರಣ. ಐದನೆಯದರಲ್ಲಿ ಮೆಕ್ಸಿಕೋದ ಚಿಕ್ಸುಲುಬ್‌ಗೆ ಕ್ಷುದ್ರಗ್ರಹ ಬಡಿದು, ಹಕ್ಕಿಗಳ ಪೂರ್ವಜರನ್ನು ಬಿಟ್ಟು ಉಳಿದ ಡೈನೋಸಾರ್‌ಗಳೆಲ್ಲ ಅಳಿದವು. ಅದೇ ಕಾಲಕ್ಕೆ ದಖ್ಖನ್‌ನಲ್ಲೂ ಲಾವಾ ಹರಿಯುತ್ತಿತ್ತು. ಬೀದರ್, ಕಲಬುರಗಿ, ವಿಜಯಪುರದ ಕಪ್ಪುಕಲ್ಲು ಅದರದ್ದೇ. ಅಳಿವಿನಲ್ಲಿ ಅದರ ಪಾಲೆಷ್ಟು ಅನ್ನೋದು ಇನ್ನೂ ಚರ್ಚೆಯಲ್ಲಿದೆ.

ಕಾರಣ ಬೇರೆ ಬೇರೆಯಾದರೂ ಸೂತ್ರ ಒಂದೇ: ಜೀವಿಗಳು ಹೊಂದಿಕೊಳ್ಳುವುದಕ್ಕಿಂತ ವೇಗವಾಗಿ ಪರಿಸರ ಬದಲಾಯಿತು.

ರಾಮದೇವರ ಬೆಟ್ಟದ ಪಾಠ

ಈ ಸೂತ್ರ ಹೇಗೆ ಕೆಲಸ ಮಾಡುತ್ತೆ ಅಂತ ನೋಡೋಕೆ ಕೋಟಿ ವರ್ಷ ಹಿಂದೆ ಹೋಗಬೇಕಿಲ್ಲ. ಉದ್ದಕೊಕ್ಕಿನ ರಣಹದ್ದು ರಾಮದೇವರ ಬೆಟ್ಟದ ಕಡಿದಾದ ಬಂಡೆಗಳಲ್ಲಿ ಗೂಡು ಕಟ್ಟುತ್ತದೆ. ವರ್ಷಕ್ಕೆ ಇಡೋದು ಒಂದೇ ಮೊಟ್ಟೆ. 1990ರ ದಶಕದಿಂದ ಭಾರತದಲ್ಲಿ ಇದರ ಸಂಖ್ಯೆ ಶೇ. 95ಕ್ಕೂ ಹೆಚ್ಚು ಕುಸಿಯಿತು. ಕಾರಣ, ದನಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವು ನಿವಾರಕ. ಸತ್ತ ದನದಲ್ಲಿ ಉಳಿದ ಔಷಧಿ, ತಿಂದ ಹದ್ದಿನ ಮೂತ್ರಪಿಂಡ ಕೆಡಿಸಿ ಕೊಲ್ಲುತ್ತಿತ್ತು. 2006ರಲ್ಲಿ ಪಶುಗಳಿಗೆ ಅದರ ಬಳಕೆ ನಿಷೇಧವಾಯಿತು. 2012ರಲ್ಲಿ ಬೆಟ್ಟ ರಣಹದ್ದು ಧಾಮವಾಯಿತು.

ಒಂದು ಹಕ್ಕಿಯ ಕುಸಿತ ಮಹಾ ಅಳಿವಲ್ಲ, ನಿಜ. ಆದರೆ ಇಂದಿನ ಅಳಿವಿನ ವೇಗ ಸಹಜಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದ್ದು, ಆರನೆಯದು ಶುರುವಾಗಿದೆಯೇ ಎಂಬ ಚರ್ಚೆ ನಡೆದಿದೆ. ಕ್ಷುದ್ರಗ್ರಹವನ್ನು ಡೈನೋಸಾರ್‌ಗಳು ತಡೆಯುವಂತಿರಲಿಲ್ಲ. ಡೈಕ್ಲೋಫೆನಾಕ್‌ಗೆ ಮಾತ್ರ ಪರ್ಯಾಯವಿತ್ತು: ಮೆಲಾಕ್ಸಿಕಾಮ್. ಚನ್ನಪಟ್ಟಣ, ಕನಕಪುರದ ಕೊಟ್ಟಿಗೆಯಲ್ಲಿ ಯಾವ ಚುಚ್ಚುಮದ್ದು ಕೊಡ್ತಾರೆ ಅನ್ನೋದು ಬೆಟ್ಟದ ಮೇಲಿನ ಹದ್ದಿಗೂ ಸೇರಿದ ವಿಷಯ. ಬಂಡೆ ಹೇಗೂ ಉಳಿಯುತ್ತದೆ. ಅದರ ಮೇಲೆ ಗೂಡು ಉಳಿಯಬೇಕಾದರೆ ಕೆಲಸ ನಮ್ಮದು.