ಹಿತ್ತಿಲುಕೋಳಿಯ ಗಾಯೋಪಚಾರ

ಹಿಂಸ್ರಪ್ರಾಣಿಯ ಬಾಯಿಂದ ಜೀವಸಹಿತ ಪಾರಾದ ಸಾಕುಕೋಳಿಗೆ ಮಾಡತಕ್ಕ ಶುಶ್ರೂಷೆ. ಹೊಸನಗರ ತಾಲ್ಲೂಕಿನ ನಿಟ್ಟೂರಿನಂತೆ ತೋಟವೂ ಕಾಡೂ ಹಿತ್ತಿಲಿಗೆ ತಾಗಿಕೊಂಡಿರುವ ಮಲೆನಾಡಿನ ಊರುಗಳಲ್ಲಿ ಹಗಲು ಮುಂಗುಸಿ, ಗಿಡುಗಗಳೂ ಇರುಳು ಕಾಡುಬೆಕ್ಕು, ನರಿಗಳೂ ಕೋಳಿಗೆ ವೈರಿಗಳು. ಊರನಾಯಿಯೇನೂ ಇವುಗಳಿಗಿಂತ ಸಾಧುವಲ್ಲ. ಬಿಡಿಸಿ ತಂದ ಕೋಳಿಯು ಗಾಯಕ್ಕಿಂತ ಮುಂಚೆ ಆಘಾತದಿಂದಲೇ ಸಾಯುವ ಸಂಭವವಿರುವುದರಿಂದ, ಅದನ್ನು ಮೊದಲು ಹುಲ್ಲು ಹಾಸಿದ ಬುಟ್ಟಿಯಲ್ಲಿಟ್ಟು, ಬೆಚ್ಚಗಿನ, ಮಬ್ಬುಗತ್ತಲೆಯ, ನಿಶ್ಶಬ್ದವಾದ ಸ್ಥಳದಲ್ಲಿ ಪ್ರತ್ಯೇಕಿಸತಕ್ಕದ್ದು; ರಕ್ತವನ್ನು ಕಂಡ ಒಡನಾಡಿ ಕೋಳಿಗಳೇ ಅದನ್ನು ಕುಕ್ಕಿ ಕೊಲ್ಲುವುದುಂಟು. ರಕ್ತಸ್ರಾವವನ್ನು ಶುಭ್ರವಸ್ತ್ರದಿಂದ ಒತ್ತಿ ನಿಲ್ಲಿಸಿದ ಬಳಿಕ, ಸುತ್ತಣ ಗರಿಗಳನ್ನು ಕೀಳದೆ ಕತ್ತರಿಸಿ, ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಸುಮಾರು 9 ಗ್ರಾಂ ಉಪ್ಪು ಬೆರೆಸಿದ ದ್ರಾವಣದಿಂದ ಗಾಯವನ್ನು ತೊಳೆದು, ನೀರು ಬೆರೆಸಿ ತೆಳುವಾಗಿಸಿದ ಪೊವಿಡೋನ್ ಅಯೋಡಿನ್ ಲೇಪಿಸಬಹುದು. ಮನೆಗಳಲ್ಲಿ ಅರಿಸಿನ ಹಚ್ಚುವ ರೂಢಿಯಿದೆ. ತೊಳೆಯದ ಗಾಯಕ್ಕೆ ಹಚ್ಚಿ ಪ್ರಯೋಜನವಿಲ್ಲ. ಬೆಕ್ಕಿನ ಹಲ್ಲು ನಾಟಿದ ಗಾಯವು ಹೊರಗೆ ಸೂಜಿಮೊನೆಯಷ್ಟಿದ್ದರೂ ಪಾಶ್ಚುರೆಲ್ಲಾ ಎಂಬ ರೋಗಾಣುವನ್ನು ಆಳಕ್ಕಿಳಿಸಬಲ್ಲುದಾದ್ದರಿಂದ ಪಶುವೈದ್ಯರಿಗೆ ತೋರಿಸುವುದು ಅವಶ್ಯ. ಕತ್ತಿನ ಬುಡದ ಮೇವುಚೀಲ ಹರಿದು ತಿಂದ ಕಾಳು ಹೊರಬರುತ್ತಿದ್ದರಂತೂ ಹೊಲಿಗೆಯಲ್ಲದೆ ಅನ್ಯಮಾರ್ಗವಿಲ್ಲ. ನೊಣವಿಟ್ಟ ಮೊಟ್ಟೆ ಒಂದೇ ದಿನದಲ್ಲಿ ಹುಳುವಾಗಬಲ್ಲುದಾದ ಕಾರಣ, ಮಳೆಗಾಲದಲ್ಲಿ ವಿಶೇಷವಾಗಿ, ದಿನಕ್ಕೆರಡು ಸಲ ಗರಿ ಬಿಡಿಸಿ ನೋಡತಕ್ಕದ್ದು. ಪ್ರತಿಜೈವಿಕ ಔಷಧ ಪಡೆದ ಕೋಳಿಯ ಮೊಟ್ಟೆಯನ್ನು ವೈದ್ಯರು ವಿಧಿಸಿದ ಅವಧಿ ತೀರುವವರೆಗೆ ತಿನ್ನಲಾಗದು.